ಕೋಲಾರದಲ್ಲಿ ತಿಂಗಳಿಗೆ 15 ಸಾವಿರ: ಐದು ಜನರ ಸಂಸಾರ ನೆಮ್ಮದಿಯಾಗಿ ನಡೆಯುತ್ತಾ?

ಬಂಗಾರಪೇಟೆ ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿಗೆ ಬಂದು ಎಂಟು ವರ್ಷ ಆಯ್ತು. ಕೆ.ಆರ್. ಪುರ ಹತ್ತಿರ ಒಂದು ಗೋಡೌನ್‌ನಲ್ಲಿ ಸೂಪರ್‌ವೈಸರ್ ಕೆಲಸ, ಅರ್ಧ ತಿಂಗಳು ನೈಟ್ ಶಿಫ್ಟ್. ಕೈಗೆ 24 ಸಾವಿರ ಬರುತ್ತೆ. ಬಾಡಿಗೆ 9,500, ನೀರಿಗೆ 500, ಇಬ್ಬರು ಮಕ್ಕಳ ಸ್ಕೂಲ್ ಫೀಸು ತಿಂಗಳ ಲೆಕ್ಕಕ್ಕೆ ಹಾಕಿದರೆ 4 ಸಾವಿರ, ಊರಲ್ಲಿರೋ ಅಮ್ಮನಿಗೆ 3 ಸಾವಿರ. ಉಳಿಯೋದು 7 ಸಾವಿರ. ಅದರಲ್ಲೇ ಊಟ, ಗ್ಯಾಸು, ಬಸ್ಸು, ಮೊಬೈಲು, ಡಾಕ್ಟರು ಎಲ್ಲಾ. ತಿಂಗಳ ಕೊನೆಗೆ ಹೇಗೋ ಸರಿಹೋಗುತ್ತೆ.

ಈಗ ಕೋಲಾರ ಟೌನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯವರು ಕರೀತಿದ್ದಾರೆ. ಸಂಬಳ 15 ಸಾವಿರ, ಹಗಲು ಕೆಲಸ ಮಾತ್ರ. ಊರಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ ಇದೆ, ಬಾಡಿಗೆ ಇಲ್ಲ. ಅಮ್ಮನಿಗೆ 63, ಬಿಪಿ ಶುಗರ್ ಎರಡೂ ಇದೆ, ಒಬ್ಬರೇ ಇದ್ದಾರೆ. ಮಕ್ಕಳು ನಾಲ್ಕನೇ ಕ್ಲಾಸು ಮತ್ತು ಒಂದನೇ ಕ್ಲಾಸು. ಊರಿಂದ ಕೋಲಾರಕ್ಕೆ ಬಸ್ಸಲ್ಲಿ ಮುಕ್ಕಾಲು ಗಂಟೆ.

ನಮ್ಮ ಮನೆಯವಳು ಬೇಡ ಅಂತಿದ್ದಾಳೆ. ನನಗೆ ಮಾತ್ರ ವಾಪಸ್ ಹೋದರೆ ನೆಮ್ಮದಿ ಅನ್ನಿಸ್ತಿದೆ. ಇಷ್ಟು ಸಂಬಳದಲ್ಲಿ ಸಂಸಾರ ಮಾಡ್ತಿರೋರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಶ್ರೀನಿವಾಸಪುರ ಮಾವಿನತೋಪು

ಖಂಡಿತ ಆಗುತ್ತೆ ಅಣ್ಣ, ಬನ್ನಿ. ನಮ್ಮ ಕಡೆ ಸ್ವಂತ ಮನೆ, ಮನೆಗೆ ರಾಗಿ ಇದ್ದರೆ ಅರ್ಧ ಖರ್ಚು ಅಲ್ಲೇ ತಪ್ಪಿತು. ಮುದ್ದೆಗೆ ಒಂದು ದಿನ ಬಸ್ಸಾರು, ಒಂದು ದಿನ ಮಸ್ಸೊಪ್ಪು, ಒಂದು ದಿನ ಹುರುಳಿಕಾಳು ಸಾರು. ಮಳೆ ಬಿದ್ದರೆ ಹೊಲದ ಬದುವಿನಲ್ಲೇ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಬೆರಕೆಸೊಪ್ಪು ಸಿಗುತ್ತೆ. ಚಳಿಗಾಲಕ್ಕೆ ಅವರೆಕಾಯಿ. ಬೆಂಗಳೂರಲ್ಲಿ ದುಡ್ಡು ಕೊಟ್ಟು ತಗೊಳ್ಳೋದು ಇಲ್ಲಿ ಕೈಗೆ ಎಟುಕುತ್ತೆ. ನೈಟ್ ಶಿಫ್ಟ್ ಮಾಡಿ ಆರೋಗ್ಯ ಯಾಕೆ ಹಾಳು ಮಾಡ್ಕೋತೀರಿ?

ಮಾಲೂರು ಅಕೌಂಟ್ಸ್

ಮೊದಲು ಆ 15 ಸಾವಿರ ಅನ್ನೋದು ಏನು ಅಂತ ಕೇಳಿಕೊಳ್ಳಿ. ಪಿಎಫ್ ಹಿಡಿದರೆ 12 ಪರ್ಸೆಂಟು, ಅಂದರೆ 1,800 ಹೋಯ್ತು. ಇಎಸ್‌ಐ, ಅಂದರೆ ಕೆಲಸಗಾರರ ಆಸ್ಪತ್ರೆ ವಿಮೆ, 0.75 ಪರ್ಸೆಂಟು, 113 ರೂಪಾಯಿ. ಕೈಗೆ ಬರೋದು 13,087. ಪಿಎಫ್ ನಿಮ್ಮದೇ ದುಡ್ಡು, ಆದರೆ ಈ ತಿಂಗಳ ದಿನಸಿಗೆ ಬರಲ್ಲ.

ಇನ್ನೊಂದು ಕಡೆ, ಅಂಗಡಿಯಲ್ಲಿ 10 ಜನಕ್ಕಿಂತ ಕಡಿಮೆ ಕೆಲಸಗಾರರು ಇದ್ದರೆ ಇಎಸ್‌ಐ ಕಡ್ಡಾಯ ಅಲ್ಲ, 20ಕ್ಕಿಂತ ಕಡಿಮೆ ಇದ್ದರೆ ಪಿಎಫ್ ಕಡ್ಡಾಯ ಅಲ್ಲ. ಆಗ ಪೂರ್ತಿ 15 ಕೈಗೆ ಬರಬಹುದು, ಆದರೆ ಹುಷಾರಿಲ್ಲದಾಗ ನಿಮ್ಮ ಹಿಂದೆ ಯಾರೂ ಇರಲ್ಲ. ನಾನಾಗಿದ್ದರೆ ಇಎಸ್‌ಐ ಇರೋ ಕಡೆ ಸಾವಿರ ಕಡಿಮೆ ಆದರೂ ಅಲ್ಲಿಗೇ ಹೋಗ್ತಿದ್ದೆ. ನಿಮ್ಮ ಅಮ್ಮನಿಗೆ ಬಿಪಿ ಶುಗರ್ ಇದೆ ಅಂದಿರಿ. ಅವರು ನಿಮ್ಮ ಆಶ್ರಯದಲ್ಲೇ ಇದ್ದರೆ ಅವರ ಹೆಸರನ್ನೂ ಸೇರಿಸಬಹುದು.

ಮತ್ತೆ ಬಿಪಿಎಲ್ ಕಾರ್ಡ್ ನಂಬಿ ಬಜೆಟ್ ಹಾಕಬೇಡಿ. ವರ್ಷಕ್ಕೆ 1.20 ಲಕ್ಷ ಆದಾಯದ ಮಿತಿ ಇದೆ, ಅಂದರೆ ತಿಂಗಳಿಗೆ 10 ಸಾವಿರ. 15 ಸಾವಿರ ಸಂಬಳದವರದ್ದು ವರ್ಷಕ್ಕೆ 1.80 ಲಕ್ಷ ಆಗುತ್ತೆ. ಕಾಗದದ ಪ್ರಕಾರ ನೀವು ಬಡವರಲ್ಲ, ಜೇಬಿನ ಪ್ರಕಾರ ಬಡವರು. ನನ್ನ ಕಣ್ಣಿಗೆ ತುಂಬಾ ಕಷ್ಟದಲ್ಲಿರೋರು ಈ ಮಧ್ಯದವರೇ.

ಟೌನ್ ಗೃಹಿಣಿ, ಕೋಲಾರ

ಅಣ್ಣ, ನಮ್ಮ ಮನೆಯವರು ಟೊಮೆಟೊ ಮಂಡಿಯಲ್ಲಿ ರೈಟರ್. ತಿಂಗಳಿಗೆ 14 ಸಾವಿರ. ಅತ್ತೆ, ನಾವಿಬ್ಬರು, ಒಬ್ಬ ಮಗ. ಮನೆ ಅತ್ತೆಯದು, ಒಂದು ರೂಮು ಒಂದು ಅಡುಗೆಮನೆ, ಮೇಲೆ ಶೀಟು. ನಮ್ಮದು ಎಪಿಎಲ್ ಕಾರ್ಡು, ಅಕ್ಕಿ ದುಡ್ಡು ಕೊಟ್ಟೇ ತರಬೇಕು. ನಾನು ಮದುವೆಯಾದಾಗಿಂದ ಲೆಕ್ಕ ಬರೀತೀನಿ, ಮಗನ ಹಳೇ ಲಾಂಗ್ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ. ಎಡಗಡೆ ಹಾಳೆ ದಿನದ ಖರ್ಚು, ಬಲಗಡೆ ಹಾಳೆಗೆ "ಇತರೆ" ಅಂತ ಹೆಸರು.

ಎಡಗಡೆ ಹಾಳೆ ಯಾವ ತಿಂಗಳು ನೋಡಿದರೂ ಒಂದೇ ಥರ ಇರುತ್ತೆ. 25 ಕೆಜಿ ಅಕ್ಕಿ ಮೂಟೆ 1,400, ದಿನಕ್ಕೆ ಅರ್ಧ ಲೀಟರ್ ಹಾಲು ಅಂದರೆ 700, ಎಣ್ಣೆ ಬೇಳೆ ಸೇರಿ ಸಾವಿರದ ಹತ್ತಿರ, ತರಕಾರಿ, ಗ್ಯಾಸು, ಎರಡು ಮೊಬೈಲ್ ರೀಚಾರ್ಜು, ಮಗನ ಟ್ಯೂಷನ್ನು, ಅತ್ತೆ ಮಾತ್ರೆ. ಕರೆಂಟ್ ಬಿಲ್ಲು ಗೃಹಜ್ಯೋತಿಯಿಂದ ಸೊನ್ನೆ. ಎಲ್ಲಾ ಸೇರಿ 10,400 ಆಸುಪಾಸು. ಎಡಗಡೆ ಹಾಳೆ ಮಾತ್ರ ನೋಡಿದರೆ ನಾವು ಆರಾಮಾಗಿದ್ದೀವಿ ಅನ್ನಬಹುದು.

ಬಲಗಡೆ ಹಾಳೆಯನ್ನ ಹೋದ ಯುಗಾದಿಗೆ ಕೂತು ಒಂದು ವರ್ಷದ್ದು ಕೂಡಿದೆ. ಮಗನಿಗೆ ಡೆಂಗಿ ಬಂದಿದ್ದಕ್ಕೆ 14 ಸಾವಿರ. ಜೂನ್‌ನಲ್ಲಿ ಸ್ಕೂಲು ಶುರುವಾದಾಗ ಫೀಸು, ಬುಕ್ಕು, ಬ್ಯಾಗು 12 ಸಾವಿರ. ಎರಡು ಹಬ್ಬದ ಬಟ್ಟೆ 9 ಸಾವಿರ. ಗಾಳಿಗೆ ಶೀಟು ಒಡೆದಿದ್ದಕ್ಕೆ 7,500. ನಾಲ್ಕು ಮದುವೆ ಮುಯ್ಯಿ 6,500. ಒಟ್ಟು 49 ಸಾವಿರ. 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 4 ಸಾವಿರಕ್ಕೂ ಮೇಲೆ. ಮುಯ್ಯಿ ಬಿಡೋಕಾಗಲ್ಲ, ನಮ್ಮ ಮನೆ ಕಾರ್ಯಕ್ಕೆ ಅವರು ಹಾಕಿರ್ತಾರೆ. ಡೆಂಗಿ ಮುಂದಿನ ವರ್ಷ ಬರಲ್ಲ ಅಂದುಕೊಂಡರೂ ಅದರ ಜಾಗಕ್ಕೆ ಇನ್ನೊಂದು ಬರುತ್ತೆ.

ಎರಡೂ ಹಾಳೆ ಕೂಡಿದರೆ 14,483. ಸಂಬಳಕ್ಕಿಂತ 483 ಜಾಸ್ತಿ. ಗೃಹಲಕ್ಷ್ಮಿ 2,000 ಬರೋಕೆ ಶುರುವಾದ ಮೇಲೆ ತಿಂಗಳಿಗೆ 1,500 ಉಳೀತಿದೆ, ಅದನ್ನ ಚೀಟಿಗೆ ಕಟ್ತೀನಿ. ಅದಕ್ಕೆ ಮುಂಚೆ ಪ್ರತಿ ವರ್ಷ ನನ್ನ ಓಲೆ ಒಂದು ಸಲ ಗಿರವಿ ಅಂಗಡಿಗೆ ಹೋಗಿ ಬರ್ತಿತ್ತು. ಈಗ ಎರಡು ವರ್ಷದಿಂದ ಕಿವಿಯಲ್ಲೇ ಇದೆ. ನೆಮ್ಮದಿ ಅಂದರೆ ನನಗೆ ಸದ್ಯಕ್ಕೆ ಅದೇ.

ಬಂಗಾರಪೇಟೆ ಕಡೆಯವ

ಅಕ್ಕ, ಕೋಟಿ ನಮಸ್ಕಾರ. ಬಲಗಡೆ ಹಾಳೆ ನಾನು ಯಾವತ್ತೂ ಬರೆದೇ ಇಲ್ಲ.

ಉರಿಗಾಂ ಲೈನ್ ಮನೆ

ನಾನು ಕೆಜಿಎಫ್‌ನವನು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನನಗೆ 11 ವರ್ಷ. ಅಪ್ಪನ ಸಂಬಳ ಒಂದೇ ದಿನಕ್ಕೆ ನಿಂತುಹೋಯ್ತು. ಅಪ್ಪ ಬೆಂಗಳೂರಿಗೆ ಟ್ರೇನಲ್ಲಿ ಓಡಾಡೋಕೆ ಶುರು ಮಾಡಿದರು, ಕಟ್ಟಡದ ಕೆಲಸಕ್ಕೆ. ಬೆಳಗಿನ ಜಾವ ಮಾರಿಕುಪ್ಪಂ ಗಾಡಿ ಹತ್ತಿದರೆ ರಾತ್ರಿ ಬರೋರು. ಸೀಟು ಸಿಗದೆ ಬಾಗಿಲ ಹತ್ತಿರ ಟಿಫನ್ ಕ್ಯಾರಿಯರ್ ಕಾಲ ಮಧ್ಯೆ ಇಟ್ಟುಕೊಂಡು ನಿಂತಲ್ಲೇ ನಿದ್ದೆ ಮಾಡೋರು. ಇವತ್ತಿಗೂ ಆ ಗಾಡಿಯಲ್ಲಿ ಸಾವಿರಾರು ಜನ ಹಾಗೇ ಹೋಗ್ತಾರೆ, ನಾನೂ ಹೋಗ್ತೀನಿ.

ನಮ್ಮ ಸಂಸಾರ ನಡೀತು. ಉಪವಾಸ ಮಲಗಲಿಲ್ಲ. ಅಕ್ಕನ ಮದುವೆ ಆಯ್ತು, ನಾನು ಐಟಿಐ ಮುಗಿಸಿದೆ. ಯಾರಾದರೂ ಅಮ್ಮನ್ನ ಕೇಳಿದ್ದರೆ "ಹೆಂಗೋ ನಡೀತೈತೆ" ಅಂತಿದ್ದಳು. ಆದರೆ ಅಮ್ಮ ಮುದ್ದೆ ತಿಂತಿದ್ದಿದ್ದು ನಾವೆಲ್ಲಾ ತಿಂದಾದ ಮೇಲೆ, ಪಾತ್ರೆಯಲ್ಲಿ ಎಷ್ಟಿದೆಯೋ ಅಷ್ಟು. ಅವಳಿಗೆ ರಕ್ತ ಕಡಿಮೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಕಡಿಮೆ ದುಡ್ಡಿನ ಸಂಸಾರದಲ್ಲಿ ಕೊರತೆ ಎಲ್ಲೋ ಒಂದು ಕಡೆ ಕೂತಿರುತ್ತೆ, ಕೂಡಲೇ ಕಣ್ಣಿಗೆ ಬೀಳಲ್ಲ. ಅದು ಯಾರ ತಟ್ಟೆಯಲ್ಲಿ ಕೂತಿದೆ ಅಂತ ಹುಡುಕಿ ನೋಡಿ.

ಬಂಗಾರಪೇಟೆಯಲ್ಲಿ ಮನೆ ಮಾಡಿ ಟ್ರೇನಲ್ಲಿ ಕೆ.ಆರ್. ಪುರಕ್ಕೆ ಓಡಾಡೋದು ಒಂದು ದಾರಿ. ಸೀಸನ್ ಪಾಸ್ ಮಾಡಿಸಿಕೊಂಡರೆ ಖರ್ಚು ಕಡಿಮೆ, ಸಂಬಳ 24 ಸಾವಿರವೇ ಇರುತ್ತೆ.

ಬಂಗಾರಪೇಟೆ ಕಡೆಯವ

ಯೋಚನೆ ಮಾಡಿದ್ದೆ ಅಣ್ಣ. ನೈಟ್ ಶಿಫ್ಟ್ ಬಿಡೋದು ಗಾಡಿ ಇಲ್ಲದ ಹೊತ್ತಿಗೆ.

ಡೈರಿ ಹಾಲು, ಮುಳಬಾಗಿಲು

ಊರಿಗೆ ಬಂದರೆ ಒಂದು ಹಸು ಕಟ್ಟಿ ಅಂತ ಹತ್ತು ಜನ ಹೇಳ್ತಾರೆ. ನಾನು ನಾಲ್ಕು ಕಟ್ಟಿದೀನಿ, ಅದಕ್ಕೇ ಬಿಡಿಸಿ ಹೇಳ್ತೀನಿ. ಸೀಮೆಹಸು ದಿನಕ್ಕೆ 12 ಲೀಟರ್ ಕೊಟ್ಟಿತು, ಹಾಲಿನ ಗುಣಮಟ್ಟ ಅಳೆಯೋ ಫ್ಯಾಟು ಎಸ್‌ಎನ್‌ಎಫ್ ಸರಿಯಾಗಿ ಬಂದು ಲೀಟರಿಗೆ 35 ರೂಪಾಯಿ ಸಿಕ್ಕಿತು ಅಂತ ಇಟ್ಟುಕೊಳ್ಳಿ, 420 ರೂಪಾಯಿ. ಬೂಸಾ, ಹಿಂಡಿ, ಫೀಡು, ಒಣಹುಲ್ಲು ಸೇರಿ 230 ಅಲ್ಲೇ ಹೋಗುತ್ತೆ. ಹಸಿಹುಲ್ಲಿಗೆ ನೀರಿರೋ ಜಮೀನು ಇಲ್ಲದಿದ್ದರೆ ಇನ್ನೂ ಜಾಸ್ತಿ. ಉಳಿಯೋದು ದಿನಕ್ಕೆ 190. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ ಬರುತ್ತೆ, ಅದನ್ನ ಬಟವಾಡೆಯ ಜೊತೆ ಸೇರಿಸಿ ಲೆಕ್ಕ ಹಾಕಬೇಡಿ, ಬಂದಾಗ ಬಂತು ಅಂದುಕೊಳ್ಳಿ. ಗಬ್ಬ ಆಗಿ ಹಾಲು ಬತ್ತಿಸಿದ ಮೇಲೆ ಎರಡು ತಿಂಗಳು ಒಂದು ಲೋಟವೂ ಇಲ್ಲ, ಮೇವು ಮಾತ್ರ ಹಾಕ್ತಾ ಇರಬೇಕು. ಕೆಚ್ಚಲು ಬಾವು ಬಂದರೆ ಆ ತಿಂಗಳು ಕೈಯಿಂದಲೇ.

ಇಷ್ಟಕ್ಕೆ ಬೆಳಗ್ಗೆ ನಾಲ್ಕೂವರೆಗೆ ಏಳಬೇಕು. ಸಗಣಿ ಬಾಚಿ, ಮೈ ತೊಳೆದು, ಹಾಲು ಕರೆದು, ಡೈರಿಗೆ ಹಾಕಿ ಬರಬೇಕು. ಸಾಯಂಕಾಲ ಮತ್ತೆ ಅದೇ. ಹಬ್ಬ ಇಲ್ಲ, ತವರುಮನೆ ಇಲ್ಲ. ನೀವು ಕೋಲಾರಕ್ಕೆ ಕೆಲಸಕ್ಕೆ ಹೋದರೆ ಇದೆಲ್ಲಾ ಯಾರು ಮಾಡ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ನಾವಿಬ್ಬರೂ ಮಾಡ್ತೀವಿ, ಅದಕ್ಕೆ ಉಳಿದಿದೆ.

ಸರ್ಕಾರಿ ಶಾಲೆ ಟೀಚರ್

ಶಾಲೆ ವಿಷಯ ಮಾತ್ರ ಹೇಳ್ತೀನಿ. 4 ಸಾವಿರ ಫೀಸು ನಿಮ್ಮ ಕೈಲಿರೋ ದೊಡ್ಡ ಉಳಿತಾಯ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ ಎಲ್ಲಾ ಉಚಿತ. ಹಾಲು ಇದೆ, 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡ ಅನ್ನೋರಿಗೆ ಬಾಳೆಹಣ್ಣು. ದೊಡ್ಡ ಮಗುವನ್ನ ಐದನೇ ಕ್ಲಾಸಿನಲ್ಲಿ ಮೊರಾರ್ಜಿ ಶಾಲೆ ಪ್ರವೇಶ ಪರೀಕ್ಷೆಗೆ ಕೂರಿಸಿ. ಸಿಕ್ಕರೆ ಆರರಿಂದ ಹತ್ತರವರೆಗೆ ಊಟ, ವಸತಿ, ಓದು ಪೂರ್ತಿ ಉಚಿತ.

ಆದರೆ ಸೇರಿಸುವ ಮುಂಚೆ ಒಂದು ದಿನ ಶಾಲೆಗೆ ಹೋಗಿ ಕೂತು ನೋಡಿ. ಎಷ್ಟು ಮಕ್ಕಳಿದ್ದಾರೆ, ಎಷ್ಟು ಟೀಚರ್ ಇದ್ದಾರೆ, ಐದು ತರಗತಿಗೆ ಒಬ್ಬರೇನಾ ಅಂತ ಕೇಳಿ. ಎಲ್ಲಾ ಊರೂ ಒಂದೇ ಥರ ಇಲ್ಲ. ಬಡವರ ಮಕ್ಕಳಿಗೆ ಇದು ಸಾಕು ಅಂತ ಯಾರಾದರೂ ಅಂದರೆ ಒಪ್ಪಬೇಡಿ, ನಾನೂ ಒಪ್ಪಲ್ಲ. ಒಳ್ಳೇದು ಸಿಗಬೇಕು ಅಂತಲೇ ಕೇಳಿ.

ವೇಮಗಲ್ ಹುಡುಗ

ನಮ್ಮಪ್ಪ ಗಾರೆ ಕೆಲಸ. ಎರಡು ವರ್ಷದ ಹಿಂದೆ ಸಾರುವೆಯಿಂದ ಬಿದ್ದು ತೊಡೆ ಮೂಳೆ ಮುರೀತು. ನಮ್ಮದು ಬಿಪಿಎಲ್ ಕಾರ್ಡ್, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ ಆಯ್ತು, ವರ್ಷಕ್ಕೆ 5 ಲಕ್ಷದವರೆಗೆ ಕುಟುಂಬಕ್ಕೆ ಇದೆ. ಆಪರೇಷನ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ. ಇದನ್ನ ಎದೆ ತಟ್ಟಿ ಹೇಳ್ತೀನಿ, ಇಲ್ಲದಿದ್ದರೆ ಮನೆ ಮಾರಬೇಕಿತ್ತು.

ಆದರೂ ಸಾಲ ಆಯ್ತು. ಅಪ್ಪನಿಗೆ ಐದು ತಿಂಗಳು ಕೂಲಿ ಇಲ್ಲ. ಅಮ್ಮ ಜೊತೆಗಿರಬೇಕಾಗಿ ಅವಳದ್ದೂ ಕೂಲಿ ಹೋಯ್ತು. ಆಟೋ, ಹೊರಗಿನ ಊಟ, ಚೆಕಪ್. ಸಂಘದಲ್ಲಿ 40 ಸಾವಿರ ತಗೊಂಡ್ವಿ, ವಾರದ ಕಂತು. ಆ ಕಂತು ಕಟ್ಟೋಕೆ ಇನ್ನೊಂದು ಕಡೆ ಸಾಲ. ಕಂತಿನವರು ಮನೆ ಮುಂದೆ ಬಂದು ಕೂತಾಗ ಅಮ್ಮ ಹಿಂದಿನ ಬಾಗಿಲಿಂದ ಪಕ್ಕದ ಮನೆಗೆ ಹೋಗಿ ಕೂರ್ತಿದ್ದಳು. 2025ರಲ್ಲಿ ಈ ಕಿರುಕುಳದ ವಿರುದ್ಧ ರಾಜ್ಯದಲ್ಲಿ ಕಾನೂನು ಬಂತು, ಆಮೇಲೆ ಕೂರೋದು ನಿಂತಿದೆ. ಸಾಲ ಇನ್ನೂ ಇದೆ.

ಅಣ್ಣ, ಎಷ್ಟೇ ಸಂಬಳ ಇರಲಿ, ಪೋಸ್ಟಾಫೀಸಿಗೋ ಬ್ಯಾಂಕಿಗೋ ಹೋಗಿ ಅಪಘಾತ ವಿಮೆ ಮಾಡಿಸಿ. ವರ್ಷಕ್ಕೆ 20 ರೂಪಾಯಿ. ಜೀವವಿಮೆಯದು 436. ನಾವು ಮಾಡಿಸಿರಲಿಲ್ಲ.

ರಾಗಿ ಕಣ

ಇಷ್ಟೆಲ್ಲಾ ಭಯ ಬೇಡ. ನಮ್ಮ ಹಿರಿಯರು ಇದಕ್ಕಿಂತ ಕಡಿಮೆಯಲ್ಲಿ ಏಳು ಮಕ್ಕಳನ್ನ ಸಾಕಿದರು. ಆಸೆ ಕಡಿಮೆ ಮಾಡಿಕೊಂಡರೆ ಯಾವ ಸಂಬಳವೂ ಸಾಕು.

ಟೌನ್ ಗೃಹಿಣಿ, ಕೋಲಾರ

ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ ಸರ್. ನಮ್ಮ ಅಜ್ಜಿ ಏಳು ಹೆತ್ತಳು, ಸಾಕಿದ್ದು ನಾಲ್ಕು. ಉಳಿದ ಮೂರಕ್ಕೆ ಏನಾಯ್ತು ಅಂತ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಡೆಂಗಿ ಬಂದ ಮಗುವಿಗೆ ಪ್ಲೇಟ್‌ಲೆಟ್ ಟೆಸ್ಟ್ ಮಾಡಿಸೋದು ಆಸೆ ಅಲ್ಲ.

ರಾಗಿ ಕಣ

ತಪ್ಪಾಯ್ತು ತಾಯಿ. ಆ ಅರ್ಥದಲ್ಲಿ ಹೇಳಲಿಲ್ಲ.

ನರಸಾಪುರ ಕ್ಯಾಂಟೀನ್ ಅಕ್ಕ

ಎಲ್ಲಾ ಓದಿದೆ. ತಮ್ಮ, ಮೊದಲನೇ ಮಾತಲ್ಲೇ ನೀನು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟೆ. ಮನೆಯವಳು ಬೇಡ ಅಂತಿದ್ದಾಳೆ ಅಂತ. ಯಾಕೆ ಬೇಡ ಅಂತ ಕೇಳಿದೀಯಾ?

ಊರು ಅಂದರೆ ಗಂಡಸರಿಗೆ ಅರಳಿಕಟ್ಟೆ, ತಂಪು ಗಾಳಿ. ನಮಗೆ ಬೇರೆ. ನಿಮ್ಮೂರಲ್ಲಿ ನಲ್ಲಿಯಲ್ಲಿ ವಾರಕ್ಕೆ ಎಷ್ಟು ಸಲ ನೀರು ಬರುತ್ತೆ? ಕುಡಿಯೋ ನೀರಿಗೆ ಕ್ಯಾನ್ ಹಿಡ್ಕೊಂಡು ಶುದ್ಧ ನೀರಿನ ಘಟಕಕ್ಕೆ ಯಾರು ಹೋಗ್ತಾರೆ? 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ನಮ್ಮ ಕೆರೆಗಳು ತುಂಬಿವೆ, ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ, ಸಂತೋಷ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಬಿಡೋದು, ಕುಡಿಯೋಕಲ್ಲ. ಬೋರಿನ ನೀರಲ್ಲಿ ಫ್ಲೋರೈಡು. ಇನ್ನು ಮೇಲೆ ಹೇಳಿದ ಸೊಪ್ಪು ತನ್ನಷ್ಟಕ್ಕೆ ಅಡುಗೆಮನೆಗೆ ನಡ್ಕೊಂಡು ಬರಲ್ಲ. ಹಿತಕಿದ ಬೇಳೆ ಸಾರು ಮಾಡಬೇಕಂದರೆ ಅವರೆಕಾಯಿ ಸುಲಿದು, ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳು ಹೆಬ್ಬೆರಳಲ್ಲಿ ಹಿಚುಕಬೇಕು, ಉಗುರು ಸಂದಿ ಕಪ್ಪಾಗುತ್ತೆ. ಕಡಿಮೆ ದುಡ್ಡಲ್ಲಿ ಚೆನ್ನಾಗಿ ತಿಂತೀವಿ ಅನ್ನೋ ಮನೆಯಲ್ಲೆಲ್ಲಾ ದುಡ್ಡಿನ ಬದಲು ಒಬ್ಬಳ ಕೈ ಖರ್ಚಾಗ್ತಿರುತ್ತೆ. ಅದನ್ನ ಯಾವ ಹಾಳೆಯಲ್ಲೂ ಬರೆಯಲ್ಲ.

ಅವಳನ್ನ ಕೂರಿಸಿಕೊಂಡು ಕೇಳು. ಕೇಳಿ ಇಲ್ಲಿಗೆ ಬಾ.

ಬಂಗಾರಪೇಟೆ ಕಡೆಯವ

(ಮೂರು ದಿನ ಬಿಟ್ಟು ಬರೀತಿದೀನಿ.)

ಅಕ್ಕ, ಕೇಳಿದೆ. ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಈ ಚರ್ಚೆ ಪೂರ್ತಿ ಅವಳಿಗೆ ಓದಿ ಹೇಳಿದೆ. ಟೌನ್ ಅಕ್ಕನ ಎರಡು ಹಾಳೆ ಲೆಕ್ಕ ಬಂದಾಗ ಅವಳು ಎದ್ದು ಹೋಗಿ ಬೀರುವಿನಿಂದ ಒಂದು ಸಣ್ಣ ಡೈರಿ ತಂದಳು. ಬ್ಲೌಸ್ ಅಳತೆ ಬರ್ಕೊಳ್ಳೋ ಡೈರಿ. ಎದೆ, ಸೊಂಟ, ತೋಳು ಅಂತ ಅಳತೆ, ಪಕ್ಕದಲ್ಲಿ ಲೈನಿಂಗ್ 350, ಫಾಲ್ಸ್ 60, ಬಂತು, ಬರಬೇಕು ಅಂತ. ಅವಳು ಮನೇಲಿ ಹೊಲಿಯೋದು ನನಗೆ ಗೊತ್ತಿತ್ತು. ಟೈಮ್ ಪಾಸ್‌ಗೆ ಅಂದುಕೊಂಡಿದ್ದೆ. ತಿಂಗಳಿಗೆ ಸರಾಸರಿ 4,500 ಆಗುತ್ತೆ. ಕೊನೆಯ ಪುಟಗಳಲ್ಲಿ ಗ್ಯಾಸು, ಮೊಟ್ಟೆ, ಚಿಕ್ಕವಳ ಕಫದ ಔಷಧಿ, ನನ್ನ ಚಪ್ಪಲಿ ಅಂತ ಬರೆದಿದ್ದಾಳೆ.

ಮೊದಲ ದಿನ ನಾನು ಇಲ್ಲಿ "ತಿಂಗಳ ಕೊನೆಗೆ ಹೇಗೋ ಸರಿಹೋಗುತ್ತೆ" ಅಂತ ಬರೆದಿದ್ದೆ. ಆ ಹೇಗೋ ಅನ್ನೋದು ಇದೇ ಡೈರಿ. ನಮ್ಮ ಮನೆ ಆದಾಯ 24 ಅಲ್ಲ, 28,500. ಊರಿಗೆ ಹೋದರೆ ಅದು 15ಕ್ಕೆ ಇಳಿಯಲ್ಲ, ಪಿಎಫ್ ಹಿಡಿದರೆ 13ಕ್ಕೆ ಇಳಿಯುತ್ತೆ. ಅಂದರೆ ಅರ್ಧಕ್ಕಿಂತ ಕಡಿಮೆ. ಊರಲ್ಲಿ ಇರೋದೇ ಎಪ್ಪತ್ತು ಮನೆ, ಆಗಲೇ ಇಬ್ಬರು ಹೊಲೀತಾರೆ. ಅವಳಿಗೆ ಗಿರಾಕಿ ಸಿಗಲ್ಲ. ಮೇಲೆ ನೀರು, ಅಮ್ಮನ ಊಟ, ಅಮ್ಮ ಕಟ್ಟಿರೋ ಮೇಕೆ ಎಲ್ಲಾ ಅವಳ ತಲೆಗೆ. "ನಿಮ್ಮ ಅಮ್ಮನ್ನ ನೋಡ್ಕೊಳ್ಳೋಕೆ ನನಗೆ ಬೇಜಾರಿಲ್ಲ, ನನ್ನ ಕೈ ಕಟ್ಟಿಬಿಡ್ತೀರಿ ಅಂತ ಬೇಜಾರು" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಎಂಟು ವರ್ಷ ಒಂದೇ ಮನೆಯಲ್ಲಿದ್ದು ಇದನ್ನ ಕೇಳಿರಲಿಲ್ಲ ಅಂತ ನಾಚಿಕೆ ಆಗ್ತಿದೆ.

ನರಸಾಪುರ ಕ್ಯಾಂಟೀನ್ ಅಕ್ಕ

ನಾಚಿಕೆ ಪಡೋದು ಬೇಡ ತಮ್ಮ, ಕೇಳಿದೆಯಲ್ಲ. ಕೋಲಾರ ಟೌನಲ್ಲೇ ಮನೆ ಮಾಡಿದರೆ? ಲಗ್ನದ ಸೀಸನ್ನಲ್ಲಿ ಇಲ್ಲಿ ಟೈಲರ್‌ಗಳು ಬ್ಲೌಸ್‌ಗೆ ತಿಂಗಳು ತಿಂಗಳು ಕಾಯಿಸ್ತಾರೆ.

ಮಾಲೂರು ಅಕೌಂಟ್ಸ್

ಟೌನಲ್ಲಿ ಬಾಡಿಗೆ 5ರಿಂದ 6 ಸಾವಿರ ಇಟ್ಟುಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ, 200 ಯೂನಿಟ್ ಒಳಗೆ ಇರಬೇಕು. ಫೀಸು ತಪ್ಪಿದರೆ 4 ಸಾವಿರ ಉಳಿತು. ಗೃಹಲಕ್ಷ್ಮಿಗೆ ಎಪಿಎಲ್ ಕಾರ್ಡಾದರೂ ನಡೆಯುತ್ತೆ, ಮನೆ ಯಜಮಾನಿ ಅಂತ ಅವರ ಹೆಸರೇ ಇರಬೇಕು. ಅಮ್ಮನ ಕಾರ್ಡು ಬೇರೆ ಇದ್ದರೆ ಹಾಗೇ ಇರಲಿ. ಹೊಲಿಗೆಯಿಂದ ಮೊದಲ ಆರು ತಿಂಗಳು ಏನೂ ಬರಲ್ಲ ಅಂತಲೇ ಲೆಕ್ಕ ಹಾಕಿ. ಅಷ್ಟು ದಿನ ತಡೆಯೋಕೆ 30 ಸಾವಿರ ಕೈಯಲ್ಲಿ ಇಲ್ಲದಿದ್ದರೆ ಈಗಲೇ ಹೊರಡಬೇಡಿ.

ಉರಿಗಾಂ ಲೈನ್ ಮನೆ

ಅಂಗಡಿಯವರ ಹತ್ತಿರ ಇಎಸ್‌ಐ ಕೇಳಿದಿರಾ?

ಬಂಗಾರಪೇಟೆ ಕಡೆಯವ

ಕೇಳಿದೆ ಅಣ್ಣ. ಎರಡು ಅಂಗಡಿ ಸೇರಿ 14 ಜನ ಇದ್ದಾರೆ, ಇಎಸ್‌ಐ ಇದೆ, ಪಿಎಫ್ ಇಲ್ಲ. ಕೈಗೆ 14,887.

ನಿನ್ನೆ ಇಬ್ಬರೂ ಕೋಲಾರಕ್ಕೆ ಹೋಗಿದ್ವಿ. ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ ಇಲ್ಲ, ನನಗೆ ಮಾತ್ರ. ಎರಡು ಮನೆ ನೋಡಿದ್ವಿ. ಮೊದಲನೇದು ದೊಡ್ಡದು, ಒಳ ಓಣಿ, 5 ಸಾವಿರ. ಎರಡನೇದು ಚಿಕ್ಕದು, 5,500, ಅಡ್ವಾನ್ಸ್ 40 ಸಾವಿರ. ನಾನು ಮೊದಲನೇದು ಅಂದೆ. ಅವಳು ಎರಡನೇ ಮನೆಯ ಮುಂದಿನ ರೂಮಲ್ಲಿ ಕಿಟಕಿ ಹತ್ತಿರ ನಿಂತು ರಸ್ತೆ ನೋಡಿದಳು, ಸ್ವಿಚ್ ಬೋರ್ಡು ಎಲ್ಲಿದೆ ನೋಡಿದಳು, "ಮಿಷನ್ ಇಲ್ಲಿ ಇಟ್ಟರೆ ಬೆಳಕೂ ಬೀಳುತ್ತೆ, ಹೋಗಿಬರೋರ ಕಣ್ಣಿಗೂ ಬೀಳುತ್ತೆ" ಅಂದಳು. ಅಮ್ಮ ಊರು ಬಿಟ್ಟು ಬರಲ್ಲ ಅಂತಿದ್ದಾರೆ. ವಾರಕ್ಕೆ ಎರಡು ಸಲ ಬಸ್ಸಲ್ಲಿ ಬಂದು ಮಕ್ಕಳ ಜೊತೆ ಇದ್ದು ಹೋಗ್ತಾರಂತೆ, ನಾನು ಭಾನುವಾರ ಹೋಗಿ ನೀರು ತುಂಬಿಸಿ ಬರೋದು ಅಂತ ಆಗಿದೆ.

ಕೈಯಲ್ಲಿ 52 ಸಾವಿರ ಇದೆ. ಇಲ್ಲಿನ ಮನೆಯವರು 60 ಸಾವಿರ ಅಡ್ವಾನ್ಸ್ ವಾಪಸ್ ಕೊಡಬೇಕು, ಪೇಂಟಿಂಗ್‌ಗೆ ಅಂತ ಎಷ್ಟು ಹಿಡೀತಾರೋ. ಮಕ್ಕಳ ಪರೀಕ್ಷೆ ಮುಗಿಯೋವರೆಗೆ ಕಾಯ್ತೀವಿ. ಈಗ ಒಂದು ಲೆಕ್ಕದ ಪುಸ್ತಕ ತಂದಿದೀನಿ, ಎಡಗಡೆ ಅವಳ ಬರಹ, ಬಲಗಡೆ ನನ್ನದು.

ಕೋಲಾರದಲ್ಲಿ ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಿಷನ್ ಎಲ್ಲಿ ಸಿಗುತ್ತೆ, ಸುಮಾರು ಎಷ್ಟಾಗಬಹುದು ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಕೇಳು ಅಂತ ಪಕ್ಕದಲ್ಲೇ ಕೂತಿದ್ದಾಳೆ.